ಕಾಕುವಿನ ಎರಡು ಡಬ್ಬಿ

ನಿನ್ನೆ ಮುಂಜಾನೆ ಚಹಾಪುಡಿಗೆಂದು ಮೇಲಿನ ಹಲಗೆ ತಡಕಾಡುವಾಗ ಒಂದು ಸ್ಟೀಲಿನ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಖಾಲಿ, ಆದರೂ ಬಳ್ಳೊಳ್ಳಿಯ ವಾಸನೆ ಗಮ್ಮೆಂದಿತು. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ನನ್ನ ಕಾಕುವಿನ, ಅಂದರೆ ಚಿಕ್ಕಮ್ಮನ, ಹೆಸರು. ನನಗೆ ಭಾರೀ ನಾಚಿಕೆಯಾಯಿತು. ಯಾಕೆಂದು ಕಡೆಗೆ ಹೇಳುತ್ತೇನೆ.

ನಾನು ಕಲಿತದ್ದು ಕ್ವಾಂಟಂ ಭೌತಶಾಸ್ತ್ರ. ಸಂಶೋಧನೆಯ ದಿನಗಳಲ್ಲಿ ರಜೆಗೆಂದು ನರಗುಂದಕ್ಕೆ ಹೋದಾಗ ಕಾಕು, "ಅದೇನ್ ಓದತೀಯೋ, ನನಗೂ ತಿಳಿಯೋಹಂಗ ಹೇಳು" ಅಂದಳು. ಹೇಳಿದೆ: ಎಂಥ ಸಣ್ಣ ಕಣವೂ ಒಂಟಿಯಾಗಿ ಇರುವುದಿಲ್ಲ, ತನ್ನ ಸುದ್ದಿಯನ್ನು ಸುತ್ತಲಿನ ಜಗತ್ತಿಗೆ ಕೊಟ್ಟುಬಿಡುತ್ತದೆ. ಬಹಳ ಸಲ ಹೋದದ್ದು ಹೋಯಿತು. ಕೆಲವು ಸಲ ಮಾತ್ರ ಸುತ್ತಲಿನದು ಅದನ್ನು ನೆನಪಿಟ್ಟು ಒಂದಿಷ್ಟು ಹಿಂದಕ್ಕೆ ಕೊಡುತ್ತದೆ. ಆ ನೆನಪನ್ನು ಪತ್ತೆ ಹಚ್ಚುವುದೇ ನನ್ನ ಉದ್ಯೋಗ. ಬೇರೆ ಬೇರೆ ಸ್ಥಿತಿಯ ಎರಡು ಕಣಗಳನ್ನು ಅವುಗಳ ಪಾಡಿಗೆ ಬಿಟ್ಟು ನೋಡಬೇಕು. ಬರುಬರುತ್ತ ಎರಡೂ ಒಂದೇ ಥರ ಆಗುತ್ತವೆ. ಆಮೇಲೆ ಮತ್ತೆ ಬೇರೆ ಬೇರೆಯಾಗಿ ಕಂಡರೆ ನೆನಪಿದೆ ಎಂದರ್ಥ.

"ಇಷ್ಟಕ್ಕ ಇಷ್ಟ್ ವರ್ಷ ಓದಬೇಕೇನೋ?" ಎನ್ನುತ್ತ ಕಾಕು ಎರಡು ಡಬ್ಬಿ ಇಳಿಸಿದಳು. ಒಂದಕ್ಕೆ ಶೇಂಗಾ ಹೋಳಿಗೆ, ಇನ್ನೊಂದಕ್ಕೆ ಬಳ್ಳೊಳ್ಳಿ ಚಟ್ನಿ. "ಎದುರಮನಿ ಸಂಗವ್ವಗ ಕೊಟ್ಟು ಬಾ. ಆಕಿಗೆ ನನ್ನ ನೆನಪೈತೋ ಇಲ್ಲೋ ನೋಡೂಣು."

ವಿಷಯ ಏನೆಂದರೆ, ಸಂಗವ್ವನ ಆಡು ನಮ್ಮ ಮಾಳಿಗೆ ಹತ್ತಿ, ಒಣಹಾಕಿದ ಸಂಡಿಗೆಯನ್ನೆಲ್ಲ ಮೇಯ್ದಿತ್ತು. ಹಳೆಯ ಗೆಳತಿಯರ ಮಾತು ಅವತ್ತಿನಿಂದ ಬಂದ್. ನಮ್ಮ ಕಡೆ ಕೊಟ್ಟ ಡಬ್ಬಿಯನ್ನು ಖಾಲಿ ಹಿಂತಿರುಗಿಸುವುದಿಲ್ಲ. ಖಾಲಿ ಬಂತೋ, ಗೆಳೆತನ ಮುಗಿಯಿತು. ಕಾಕು ನಗುತ್ತಲೇ ಕಳಿಸಿದಳು, ಆದರೆ ಆಮೇಲೆ ಬಾಗಿಲು ಬಿಟ್ಟು ಕದಲಲಿಲ್ಲ.

ಮರುದಿನ ನೋಡಿದರೆ ಎರಡೂ ಡಬ್ಬಿ ತೊಳೆದು ಸಂಗವ್ವನ ಕಟ್ಟೆಯ ಮೇಲೆ ಬೋರಲು ಹಾಕಿದ್ದವು. ಸಿಹಿಯದು ಯಾವುದು, ಖಾರದ್ದು ಯಾವುದು, ದೇವರಿಗೇ ಗೊತ್ತು. ಮೂರು ದಿನ ಅದೇ ನೋಟ. ನಾನು ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ, "ನೆನಪಿಲ್ಲ ಕಾಕು, ಮುಗೀತು" ಎಂದು ತೀರ್ಪು ಕೊಟ್ಟೆ. ಕಾಕು ಅವತ್ತು ಊಟಕ್ಕೆ ಕೂಡಲಿಲ್ಲ. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಐದನೆಯ ದಿನ ಸಂಗವ್ವ ತಾನೇ ಬಂದಳು. "ಇದರಾಗ ಸಿಹಿ ಬಂದಿತ್ತು, ಎಳ್ಳುಂಡಿ ಹಾಕೀನಿ. ಇದರಾಗ ಖಾರ, ಮೆಣಸಿನಕಾಯಿ ಸಂಡಿಗಿ ಅದಾವು. ಒಣಗಾಕ ನಾಕ್ ದಿನ ಬೇಕಾತವ್ವ. ಆಡು ಕಟ್ಟಿಹಾಕಿ ಕಾದೀನಿ" ಅಂದಳು.

ಕಾಕು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಏನೋ ಶಾಣ್ಯಾ, ಸಂಡಿಗಿ ಒಣಗೂದ್ರಾಗ ಪುಸ್ತಕ ಮುಚ್ಚಿದಿ?"

ಈಗ ನಾನೂ ಮಕ್ಕಳಿಗೆ ಕಲಿಸುತ್ತೇನೆ. ಎರಡು ಕಣಗಳ ವ್ಯತ್ಯಾಸ ತೋರಿಸುವ ಗೆರೆ ಇಳಿದ ಕೂಡಲೇ ನೆನಪಿಲ್ಲ ಎನ್ನಬೇಡಿ, ಇನ್ನಷ್ಟು ಹೊತ್ತು ಕಾಯಿರಿ ಎಂದು ದಿನವೂ ಬೋಧನೆ. ಹಾಗೆ ಬೋಧಿಸುವವನ ಮನೆಯಲ್ಲೇ ಕಾಕು ಚಟ್ನಿ ತುಂಬಿ ಕಳಿಸಿದ ಡಬ್ಬಿ ಮೂರು ವರ್ಷದಿಂದ ಖಾಲಿ ಬಿದ್ದಿದೆ!

ನನಗೆ ಮಾಡಲು ಬರುವುದು ಅವಲಕ್ಕಿ ಚೂಡಾ ಒಂದೇ. ಅದೂ ಸ್ವಲ್ಪ ಸೀದಿತು. ಡಬ್ಬಿಗೆ ತುಂಬಿಕೊಂಡು ಇವತ್ತು ನರಗುಂದದ ಬಸ್ಸು ಹತ್ತಿದೆ.

ಕಾಕು ಬಾಗಿಲಲ್ಲೇ ಡಬ್ಬಿ ಇಸಿದುಕೊಂಡಳು. ಮುಚ್ಚಳ ತೆಗೆಯಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಸಪ್ಪಳ ಬರತೈತಿ," ಅಂದಳು. "ಬಾ ಒಳಗ."