ಬಂಬಿನವರ ಮನೆಯ ಕೆಂಡ

ಬೈಲಹೊಂಗಲದ ನಮ್ಮ ಓಣಿಯಲ್ಲಿ ಬೆಳಗಾಯಿತೆಂದರೆ ಹೆಂಗಸರು ಸಗಣಿಯ ಮುರಿದ ಕುಳ್ಳು ಹಿಡಿದು ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಿದ್ದರು. ಯಾರ ಒಲೆಯಲ್ಲಿ ಹಿಂದಿನ ದಿನದ ಕೆಂಡ ಬೂದಿಯ ಕೆಳಗೆ ಜೀವ ಹಿಡಿದಿದೆಯೋ, ಅವರಲ್ಲಿಂದ ಒಂದು ಕೆಂಡ ತಂದು ತಮ್ಮ ಒಲೆ ಹೊತ್ತಿಸುವುದು ರೂಢಿ. ಕೆಂಡ ಕೇಳುವುದು ನೆಪ, ಸುದ್ದಿ ಕೇಳುವುದು ಕೆಲಸ. ಆದರೆ ನಮ್ಮ ಮನೆಗೆ ಮಾತ್ರ ಯಾರೂ ಕುಳ್ಳು ಹಿಡಿದು ಬರುತ್ತಿರಲಿಲ್ಲ.

ನನ್ನ ಯಜಮಾನರು ಬಂಬಿನ ಮುಕಾದಮರು. ಬಂಬು ಎಂದರೆ ಬೆಂಕಿ ಆರಿಸಲು ಊರಿಗೆ ತರಿಸಿದ್ದ ಗಾಡಿ. ಎರಡು ಎತ್ತು ಎಳೆಯಬೇಕು, ಎಂಟು ಜನ ಎರಡೂ ಬದಿಗೆ ನಿಂತು ಹಿಡಿಕೆ ಒತ್ತಬೇಕು, ಆಗ ಅದರ ಕೊಳವೆಯಿಂದ ನೀರು ಚಿಮ್ಮುತ್ತಿತ್ತು. ಆ ಎಂಟು ಜನರ ಮೇಲಿನವರು ಇವರು. ಅದಕ್ಕೆಂದು ಇವರಿಗೊಂದು ಹಿತ್ತಾಳೆಯ ಟೊಪ್ಪಿಗೆಯನ್ನೂ ಕೊಟ್ಟಿದ್ದರು. ಕೆಂಡ ಹಿಡಿದು ಗಾಳಿಗೆ ನಡೆದ ಒಬ್ಬ ಹೆಣ್ಣುಮಗಳ ಸೆರಗು ಹತ್ತಿ ಉರಿದದ್ದನ್ನು ಇವರು ಕಣ್ಣಾರೆ ಕಂಡವರು. ನಾನು ಮದುವೆಯಾಗಿ ಬಂದ ವಾರದಲ್ಲೇ ಹೇಳಿಬಿಟ್ಟಿದ್ದರು: "ನನ್ನ ಮನಿಯಿಂದ ಒಂದ ಕಿಡಿ ಸುದ್ದಾ ಹೊರಗ ಹೋಗಬಾರದು."

ದಿನಾ ಊಟವಾದ ಮೇಲೆ ನಮ್ಮ ಒಲೆಗೆ ತಾವೇ ನೀರು ಹಾಕುತ್ತಿದ್ದರು. ಕಡ್ಡಿಪೆಟ್ಟಿಗೆ ಅವರ ಸೊಂಟದಲ್ಲೇ ಇರುತ್ತಿತ್ತು. ಬೆಳಿಗ್ಗೆ ಒಲೆ ಹೊತ್ತಿಸುವವರೂ ಅವರೇ. ಅತ್ತೆಯವರಿಗೆ ಇದು ಕಣ್ಣಿಗೆ ಬಿದ್ದ ಕಸದ ಹಾಗಿತ್ತು. "ಸತ್ತವರ ಮನ್ಯಾಗ ಒಲಿಗೆ ನೀರ ಹಾಕ್ತಾರ. ಇಂವ ದಿನಾ ಯಾರನ್ನ ಸಾಯಸ್ತಾನೋ" ಎಂದು ಗೊಣಗುತ್ತಿದ್ದರು. ಎದುರು ಮನೆಯ ಅಜ್ಜಿಯಂತೂ "ಬಂಬಿನವರ ಮನಿ ಒಲಿಗೂ ನೆಗಡಿ ಬಂದೈತಿ" ಎಂದು ಓಣಿಗೆಲ್ಲ ಕೇಳುವಂತೆ ನಗುತ್ತಿದ್ದಳು. ನಾನು ಹೊಗೆಯ ವಾಸನೆಯ ಧೋತರ ಒಗೆಯುವುದನ್ನೂ, ಮಕ್ಕಳಿಬ್ಬರು ನೀರಿನ ತಂಬಿಗೆಯಿಂದ ಬಂಬಿನ ಆಟ ಆಡಿ ಹಿಟ್ಟು ತೋಯಿಸುವುದನ್ನೂ ಸಹಿಸಿಕೊಂಡೆ. ಈ ನಗೆಯನ್ನು ಮಾತ್ರ ಸಹಿಸಲಿಲ್ಲ. ಸೇಡು ತೀರಿಸಿಕೊಳ್ಳುವ ದಿನಕ್ಕೆ ಕಾಯುತ್ತಿದ್ದೆ. ಅದೂ ಬಂತು.

ಬಂಬಿನ ಗಂಟೆ ಬಾರಿಸಿದರೆ ಜನ ಬೆಂಕಿ ನೋಡಲು ಓಡುತ್ತಿದ್ದರು. ಹೆಂಗಸರೂ ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡುತ್ತಿದ್ದರು. ಒಮ್ಮೆ ಹೀಗೆ ಎಲ್ಲರೂ ಕಣಿಕೆಯ ಬಣವೆ ಉರಿಯುವುದನ್ನು ನೋಡುತ್ತ ನಿಂತಾಗ, ಹಿಂದೆ ಯಾರೂ ಇಲ್ಲದ ಅಡುಗೆಮನೆಯೊಂದರಿಂದ ಎರಡನೆಯ ಬೆಂಕಿ ಎದ್ದಿತು. ಅಂದಿನಿಂದ ಯಜಮಾನರು ಒಂದು ಕಟ್ಟಳೆ ಮಾಡಿಸಿದರು. ಗಂಟೆ ಕೇಳಿದೊಡನೆ ಮೊದಲು ಒಲೆಗೆ ನೀರು, ಆಮೇಲೆ ಹೊಸ್ತಿಲು. ಬಂಬು ತಿರುಗಿ ಬರುವ ತನಕ ಯಾರೂ ಒಲೆ ಹೊತ್ತಿಸಕೂಡದು. ಊರೆಲ್ಲ ಡಂಗುರ ಸಾರಿದರು. ಡಂಗುರಕ್ಕೆ ಯಾರು ಹೆದರುತ್ತಾರೆ? ನಮ್ಮ ಓಣಿಯವರು ನನಗೆ ಹೆದರಿದರು. ಗಂಟೆ ಬಾರಿಸಿದರೆ ಸಾಕು, ಕಚ್ಚೆ ಬಿಗಿದು ಮನೆಮನೆ ಹೊಕ್ಕು ಒಲೆಯಲ್ಲಿ ಕೈಯಿಟ್ಟು ನೋಡುತ್ತಿದ್ದೆ. ಬೂದಿ ಬೆಚ್ಚಗಿದ್ದರೆ ಮತ್ತೊಂದು ಕೊಡ ಸುರಿಯುತ್ತಿದ್ದೆ. ಎದುರು ಮನೆಯ ಅಜ್ಜಿಯ ಒಲೆಗೆ ಎರಡು ಕೊಡ. ಆಗ ನನಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು, ಸೊಕ್ಕಿಗೆ ಮಾತ್ರ ವಯಸ್ಸಿರಲಿಲ್ಲ.

ಮೂರನೆಯ ಬಸಿರು ನಿಂತದ್ದು ಆ ವರ್ಷವೇ. ಮೊದಲೆರಡು ಹೆರಿಗೆಗೆ ಮನೋಳಿಯ ತವರಿಗೆ ಹೋಗಿದ್ದೆ, ಇದಕ್ಕೂ ಅಲ್ಲಿಗೇ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಮಾಗಿಯ ಚಳಿಯಲ್ಲಿ, ಏಳು ತಿಂಗಳಿಗೇ ನೋವು ಬಂದು ಹೆಣ್ಣು ಕೂಸು ಹುಟ್ಟಿತು. ಅತ್ತೆಯವರ ಒಂದು ಬೊಗಸೆಯಲ್ಲಿ ಹಿಡಿಯುವಷ್ಟು. ಅಳಲಿಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ತೆಗೆಯಿತು ಅಷ್ಟೆ. ಎದೆ ಚೀಪುವಷ್ಟು ತ್ರಾಣವೂ ಇರಲಿಲ್ಲ. ಅರಳೆಯ ಬತ್ತಿಯನ್ನು ನನ್ನ ಹಾಲಿನಲ್ಲಿ ಅದ್ದಿ ಅದರ ತುಟಿಗೆ ಹಿಂಡುತ್ತಿದ್ದೆವು.

ಸೂಲಗಿತ್ತಿ ಕೂಸನ್ನು ಅರಳೆಯಲ್ಲಿ ಸುತ್ತಿ ಹೇಳಿದಳು: "ಹೊರಸಿನ ಬುಡಕ ಹಗಲೂ ರಾತ್ರಿ ಕೆಂಡ ಇಡ್ರಿ. ನಲವತ್ತು ದಿನ ಬೆಚ್ಚಗಿತ್ತಂದ್ರ ಕೂಸು ನಿಮ್ಮದು. ಒಂದ ಸಲ ತಣ್ಣಗಾತಂದ್ರ ನನ್ನ ಬೈಬ್ಯಾಡ್ರಿ."

ಬಾಣಂತಿ ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಡುವುದು ಎಲ್ಲರ ಮನೆಯ ಪದ್ಧತಿ. ಮನೋಳಿಯಲ್ಲಿ ನನಗೂ ಇಟ್ಟಿದ್ದರು. ಆದರೆ ಇದು ಬಂಬಿನವರ ಮನೆ. ಯಜಮಾನರು ಬಾಗಿಲಲ್ಲಿ ಅಡ್ಡ ನಿಂತರು.

"ಅರಳ್ಯಾಗ ಸುತ್ತಿದ ಕೂಸು, ಬುಡಕ ಕೆಂಡ! ನನಗ ಹೇಳಬ್ಯಾಡ್ರಿ. ಇಂಥಾ ಬಾಣಂತಿ ಕೋಲಿಗೆ ನಾ ಬಂಬ ತಗೊಂಡು ಹೋಗೇನಿ. ನೋಡಿದ್ದು ಇನ್ನೂ ಕಣ್ಣಾಗೈತಿ."

"ಹಂಗಾರ ಥಂಡಿಗೆ ಸಾಯ್ಲಿ ಅಂತೀಯೇನೋ?" ಅತ್ತೆಯವರು ಕೇಳಿದರು.

ಇವರು ಹೊರಗೆ ಹೋಗಿ ಒಂದು ಕೊಡ ನೀರು ತುಂಬಿ ತಂದರು. ಹೊರಸಿನ ಪಕ್ಕದಲ್ಲಿ ಕೊಡವನ್ನಿಟ್ಟು, ಅದರ ಪಕ್ಕದಲ್ಲಿ ತಾವು ಕುಳಿತು, "ಇನ್ನ ತರ್ರಿ ಕೆಂಡ" ಎಂದರು.

ಹಾಗೆ ಕುಳಿತವರು ಹತ್ತು ದಿನ ಅಲ್ಲಿಂದ ಕದಲಲಿಲ್ಲ. ಬಾಣಂತಿಯ ಕೋಣೆಯಲ್ಲಿ ಗಂಡಸು ಕೂಡುವುದೆಂದರೆ ಓಣಿಗೆಲ್ಲ ತಮಾಷೆ. ಇವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕೆಂಡ ಹೆಚ್ಚಾದರೆ ಬೂದಿ ಎಳೆಯುವರು, ಕಡಿಮೆಯಾದರೆ ಬೂದಿ ಸರಿಸುವರು. ಅಂಗೈಯ ಹಿಂಬದಿಯಿಂದ ಹೊರಸಿನ ನುಲಿ ಮುಟ್ಟಿ ಕಾವು ನೋಡುವರು. ಕೂಸಿನ ಅಂಗಾಲನ್ನು ಒಂದೇ ಬೆರಳಿನಿಂದ ಮುಟ್ಟಿ "ಬೆಚ್ಚಗದಾವು" ಎಂದು ತಮಗೆ ತಾವೇ ಹೇಳಿಕೊಳ್ಳುವರು. ಮದುವೆಯಾಗಿ ಎಂಟು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಮಾತಿಗಿಂತ ಆ ಹತ್ತು ದಿನದಲ್ಲಿ ಆಡಿದ್ದು ಹೆಚ್ಚು. ಹೊರಸಿನ ಕೆಳಗಿನಿಂದ ಬರುವ ಅವರ ದನಿ ಕೇಳುತ್ತ ನಾನು ಸುಖವಾಗಿ ನಿದ್ದೆ ಹೋಗುತ್ತಿದ್ದೆ. ನನಗೆ ಆ ಗಂಡಸಿನ ಮೇಲೆ ನಿಜವಾಗಿ ಪ್ರೀತಿ ಹುಟ್ಟಿದ್ದು ಆಗಲೇ ಎಂದು ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹನ್ನೊಂದನೆಯ ದಿನ, ಹೊತ್ತು ಮಾರು ಏರಿತ್ತು. ಅತ್ತೆಯವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಹೊರಗೆ ಮೂಡಣ ಗಾಳಿ ಬೀಸುತ್ತಿತ್ತು. ಆಗ ಬಂಬಿನ ಗಂಟೆ ಬಾರಿಸಿತು.

ಇವರು ಎದ್ದರು. ಎದ್ದವರೇ ಪಕ್ಕದ ಕೊಡ ಎತ್ತಿ ಹೊರಸಿನ ಕೆಳಗಿನ ಅಗ್ಗಿಷ್ಟಿಗೆಗೆ ಸುರಿದುಬಿಟ್ಟರು. ಯೋಚಿಸಿ ಮಾಡಿದ್ದಲ್ಲ. ಹತ್ತು ವರ್ಷ ಗಂಟೆ ಕೇಳಿ ಕೇಳಿ ಪಳಗಿದ ಕೈ, ಕಿವಿ ಹೇಳಿದ್ದನ್ನು ಮಾಡಿತ್ತು. ಚುಸ್ ಎಂದು ಹಬೆ ಎದ್ದು ಕೋಣೆ ತುಂಬಿತು. ಹಬೆಯ ಆಚೆ ಅವರ ಮುಖ ಕಂಡಿತು. ಖಾಲಿ ಕೊಡ ಹಿಡಿದು, ತಾವು ಮಾಡಿದ್ದನ್ನು ನೋಡುತ್ತ ನಿಂತಿದ್ದರು.

"ಏನ್ ಮಾಡಿದ್ರಿ!" ಎಂದು ನಾನು ಚೀರಿದೆ. ಇನ್ನೂ ಏನೇನು ಅಂದೆನೋ, ಬರೆಯುವಂಥದ್ದಲ್ಲ.

"ಹತ್ತಿ ವಖಾರಕ್ಕ ಬೆಂಕಿ ಬಿದ್ದೈತಿ, ಬರ್ರಿ" ಎಂದು ಹೊರಗಿನಿಂದ ಯಾರೋ ಕೂಗಿದರು. ಬಂಬಿನ ಗಾಡಿ ಓಣಿಗೇ ಬಂದಿತ್ತು. "ಯವ್ವಾ, ಎದುರು ಮನಿಂದ ಕೆಂಡ ತಾ" ಎಂದು ಅತ್ತೆಯವರಿಗೆ ಹೇಳಿ, ಟೊಪ್ಪಿಗೆ ಹಾಕಿಕೊಂಡು ಇವರು ಓಡಿದರು.

ಅತ್ತೆಯವರೂ ಗಂಟೆ ಕೇಳಿದೊಡನೆ ನಮ್ಮ ಒಲೆಗೆ ನೀರು ಸುರಿದಾಗಿತ್ತು. ಒಡೆದ ಗಡಿಗೆಯ ಬೋಕಿಯೊಂದನ್ನು ಹಿಡಿದು ಎದುರು ಮನೆಗೆ ಓಡಿದರು. ಒಲೆ ಆರಿತ್ತು. ಅದರ ಪಕ್ಕದ ಮನೆ, ಅದರಾಚೆಯ ಮನೆ. ಕೊನೆಯ ಮನೆಯ ತನಕ ಹೋಗಿ ಖಾಲಿ ಬೋಕಿ ಹಿಡಿದು ಬಂದರು. ಓಣಿಯಲ್ಲಿ ಒಂದು ಕೆಂಡ ಉಳಿದಿರಲಿಲ್ಲ. ನನಗೆ ಹೆದರಿ ಒಬ್ಬೊಬ್ಬರೂ ಎರಡೆರಡು ಕೊಡ ಸುರಿದಿದ್ದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಉಣ್ಣುವ ಸರದಿ ನನ್ನದಲ್ಲ, ಹನ್ನೊಂದು ದಿನದ ಕೂಸಿನದು.

ಆಚೆ ಓಣಿಯವರು ಬಾಗಿಲು ಹಾಕಿಕೊಂಡು ಬೆಂಕಿ ನೋಡಲು ಹೋಗಿದ್ದರು. ಕಡ್ಡಿಪೆಟ್ಟಿಗೆ ಇರಲಿಲ್ಲವೇ ಎಂದು ಮೊಮ್ಮಕ್ಕಳು ಕೇಳುತ್ತಾರೆ. ನಮ್ಮದು ಇವರ ಸೊಂಟದಲ್ಲಿ ಹತ್ತಿ ತುಂಬಿಡುವ ವಖಾರಕ್ಕೆ ಹೋಗಿತ್ತು. ಎದುರು ಮನೆಯಲ್ಲಿ ಒಂದಿತ್ತು. ಆದರೆ ಕಡ್ಡಿ ಗೀರಿದರೆ ಉರಿ ಬರುತ್ತದೆ, ಕೆಂಡ ಬರುವುದಿಲ್ಲ. ಆ ಗಾಳಿಯಲ್ಲಿ ಅಂಗಳದಲ್ಲಿ ಬೆಂಕಿ ಹಾಕುವಂತಿರಲಿಲ್ಲ, ನೀರು ಕುಡಿದ ಒಲೆಯಲ್ಲಿ ಕುಳ್ಳು ಹೊತ್ತಿಸಲು ನೋಡಿದರೆ ಬರೀ ಹೊಗೆ. ಹೊಗೆ ಕುಡಿದರೆ ಆ ಕೂಸು ಚಳಿಗಿಂತ ಬೇಗ ಹೋಗುತ್ತಿತ್ತು.

ಅಂಗಾಲು ಮುಟ್ಟಿದೆ. ತಣ್ಣಗಾಗುತ್ತಿತ್ತು. ಕುಪ್ಪಸ ಬಿಚ್ಚಿ ಕೂಸನ್ನು ಎದೆಗೆ ಒತ್ತಿಕೊಂಡೆ. ಆದರೆ ಹಬೆಗೆ ತೊಯ್ದ ಕೋಣೆಯಲ್ಲಿ ನಾನೇ ಗಡಗಡ ನಡುಗುತ್ತಿದ್ದೆ, ನನ್ನ ಮೈಯಲ್ಲಿ ಕೊಡಲು ಕಾವು ಉಳಿದಿರಲಿಲ್ಲ.

ಆಗ ಎದುರು ಮನೆಯ ಅಜ್ಜಿ ಒಳಗೆ ಬಂದಳು. ನಾನು ಯಾರ ಒಲೆಗೆ ಎರಡು ಕೊಡ ಸುರಿದಿದ್ದೆನೋ ಅವಳೇ. "ತಾ ಇಲ್ಲೆ. ನೀ ಹಸೀ ಬಾಣಂತಿ, ನಿನ್ನ ಮೈಯಾಗೇನೈತಿ?" ಎಂದು ಕೂಸನ್ನು ಕಸಿದುಕೊಂಡು ತನ್ನ ಸೀರೆಯೊಳಗೆ, ಹೊಟ್ಟೆಯ ಮೇಲೆ ಇಟ್ಟುಕೊಂಡು ಮೇಲೆ ಕೌದಿ ಹೊದ್ದಳು. ಅವಳ ಹೊಟ್ಟೆ ದೊಡ್ಡದಿತ್ತು, ನಾನು ಅದನ್ನೂ ಆಡಿಕೊಂಡು ನಕ್ಕವಳು. ಬೆಂಕಿ ನೋಡಲು ಹೊರಟ ಹೆಂಗಸರು ಅರ್ಧದಾರಿಯಿಂದ ತಿರುಗಿ ಬಂದರು. ಒಬ್ಬಳ ಮೈ ತಣ್ಣಗಾದರೆ ಇನ್ನೊಬ್ಬಳು. ಕಾದು ನಿಂತವಳು ಅಂಗಳದಲ್ಲಿ ಒನಕೆ ಹಿಡಿದು ಬರೀ ಒರಳು ಕುಟ್ಟಿ ಮೈ ಬಿಸಿ ಮಾಡಿಕೊಳ್ಳುವಳು, ಆಮೇಲೆ ಒಳಗೆ ಬಂದು ಕೂಸನ್ನು ತೆಗೆದುಕೊಳ್ಳುವಳು. ಏಳು ಜನ ಹೆಂಗಸರ ಮೈಯಿಂದ ಮೈಗೆ ನನ್ನ ಮಗಳು ಹಾದು ಹೋದಳು. ಒಬ್ಬರೂ ನನ್ನನ್ನು ಹಂಗಿಸಲಿಲ್ಲ. ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಹಂಗಿಸಲಿಲ್ಲವೆಂದೇ ನನಗೆ ಅಳು ಬಂತು.

ಆದರೂ ಎರಡು ತಾಸು ಕಳೆಯುವಷ್ಟರಲ್ಲಿ ಕೂಸಿನ ತುಟಿ ನೀಲಿಯಾಗತೊಡಗಿತು. ಬತ್ತಿಯಿಂದ ಹಿಂಡಿದ ಹಾಲು ಕಟವಾಯಿಯಿಂದ ಹೊರಗೆ ಇಳಿಯಿತು. ಅತ್ತೆಯವರು ಅದರ ಹಣೆಗೆ ವಿಭೂತಿ ಹಚ್ಚಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಆ ಹೊತ್ತಿಗೆ ಅಂಗಳದಲ್ಲಿ ಒನಕೆಯ ಸದ್ದು ನಿಂತಿತು. ಯಜಮಾನರು ಬಾಗಿಲಲ್ಲಿದ್ದರು. ಮುಖವೆಲ್ಲ ಮಸಿ, ತಲೆ ಬರಿದು. ಹಸಿ ಧೋತರದ ಚುಂಗನ್ನು ಕೈಗೆ ಸುತ್ತಿಕೊಂಡು ಹಿತ್ತಾಳೆಯ ಟೊಪ್ಪಿಗೆಯನ್ನು ಅಂಗಾತ ಹಿಡಿದಿದ್ದರು. ಅದರ ತುಂಬ ಜಾಲಿಯ ಕೆಂಪು ಕೆಂಡ, ಮೇಲೆ ತೆಳ್ಳಗೆ ಬೂದಿ.

ಬಂಬಿನ ಗಾಡಿ ಓಣಿ ದಾಟುವಾಗ ಪ್ರತಿ ಬಾಗಿಲಲ್ಲೂ ಹೆಂಗಸರು ಖಾಲಿ ಕೊಡ ಹಿಡಿದು ನಿಂತದ್ದನ್ನು ಅವರು ಕಂಡಿದ್ದರಂತೆ. ಕಂಡೂ ಗಾಡಿ ನಿಲ್ಲಿಸುವಂತಿರಲಿಲ್ಲ, ವಖಾರದ ಮಾಳಿಗೆಯ ಮೇಲೆ ಇಬ್ಬರು ಹಮಾಲರು ಸಿಕ್ಕಿಬಿದ್ದಿದ್ದರು. ಅವರನ್ನು ಇಳಿಸಿ, ಉರಿ ಆರಿಸಿ, ಸುಟ್ಟು ಬಿದ್ದ ತೊಲೆಯ ಕೆಂಡಕ್ಕೆ ನೀರು ಬೀಳುವ ಮುಂಚೆ ಬಂಬಿನವರಿಗೆ "ನಿಲ್ಲರಿ" ಎಂದು ಕೂಗಿ, ಟೊಪ್ಪಿಗೆ ತೆಗೆದು ತುಂಬಿಕೊಂಡರಂತೆ. ಬೆಂಕಿ ಉಳಿಸಲು ಅವರು ಕೂಗಿದ್ದು ಜೀವಮಾನದಲ್ಲಿ ಅದೊಂದೇ ಸಲ.

"ಸುಟ್ಟ ಜಾಗದ ಕೆಂಡ ಐತಿ, ಯವ್ವಾ. ನಡೀತೈತೇನು?" ಎಂದು ಅತ್ತೆಯವರನ್ನು ಕೇಳಿದರು. ದನಿ ಸಣ್ಣ ಹುಡುಗನದಾಗಿತ್ತು.

"ಬೆಂಕಿಗೆ ಎಲ್ಲೀ ಮೈಲಿಗಿ ತಂದ್ಯೋ? ಇಡು ಬುಡಕ" ಎಂದರು ಅತ್ತೆಯವರು.

ಕೂಸನ್ನು ಒಣ ಅರಳೆಯಲ್ಲಿ ಸುತ್ತಿ ನನ್ನ ಮಗ್ಗುಲಿಗೆ ಮಲಗಿಸಿದರು. ಟೊಪ್ಪಿಗೆ ಹೊರಸಿನ ಕೆಳಗೆ ಹೋಯಿತು. ಇವರು ಮುಖ ತೊಳೆಯುವ ಮುಂಚೆ ಕೊಡ ತುಂಬಿ ತಂದು ಪಕ್ಕದಲ್ಲಿಟ್ಟು ಕುಳಿತರು. ಬೊಕ್ಕೆ ಎದ್ದ ಬೆರಳಿನಿಂದ ಕೂಸಿನ ಅಂಗಾಲು ಮುಟ್ಟಿದರು. ಮತ್ತೆ ಮುಟ್ಟಿದರು. ಎಷ್ಟು ಹೊತ್ತಾಯಿತೋ ತಿಳಿಯದು, ನನ್ನ ಎದೆಯ ಬಳಿ ಏನೋ ತಡಕಾಡಿದಂತಾಯಿತು. ನೋಡಿದರೆ ಕೂಸು ತಾನೇ ಬಾಯಿ ಹಚ್ಚಿ ಚೀಪುತ್ತಿತ್ತು. ಹುಟ್ಟಿದ ಮೇಲೆ ಮೊದಲ ಸಲ.

"ಚೀಪಾಕ ಹತ್ತ್ಯಾಳ್ರೀ" ಎಂದೆ. ಇವರು ಹೊರಸಿನ ಕಾಲಿಗೆ ಹಣೆ ಹಚ್ಚಿಕೊಂಡು ಅತ್ತುಬಿಟ್ಟರು.

ಓಣಿಯ ಹೆಂಗಸರು ಇನ್ನೂ ಅಂಗಳದಲ್ಲೇ ನಿಂತಿದ್ದರು. ಬಂಬು ತಿರುಗಿ ಬಂದಿತ್ತು, ಅಡುಗೆಯ ಹೊತ್ತು ಮೀರುತ್ತಿತ್ತು, ಯಾರ ಮನೆಯಲ್ಲೂ ಕೆಂಡವಿರಲಿಲ್ಲ. ಎದುರು ಮನೆಯ ಅಜ್ಜಿ ಮುರಿದ ಕುಳ್ಳೊಂದನ್ನು ಹಿಡಿದು, ಕೇಳಲೋ ಬೇಡವೋ ಎಂದು ಬಾಗಿಲಲ್ಲಿ ಇಣುಕಿದಳು. ಇವರು ಕಣ್ಣೊರೆಸಿಕೊಂಡು ಎದ್ದರು. ಕೂಸಿಗೆ ಬೇಕಾದಷ್ಟನ್ನು ಬಿಟ್ಟು ಉಳಿದ ಕೆಂಡವನ್ನು ಬೋಕಿಗೆ ಹಾಕಿಕೊಂಡು ಹೊಸ್ತಿಲಲ್ಲಿ ಕುಳಿತರು. ಏಳು ಹೆಂಗಸರಿಗೂ ಇಕ್ಕಳದಿಂದ ಒಂದೊಂದನ್ನೇ ಎತ್ತಿ ಕುಳ್ಳಿನ ಮೇಲೆ ಇಟ್ಟರು. ಪ್ರತಿಯೊಬ್ಬಳಿಗೂ ತಲೆ ಬಗ್ಗಿಸಿಯೇ ಹೇಳಿದರು:

"ಗಾಳಿ ಐತಿ. ಸೆರಗು ಜ್ವಾಕಿ, ಯವ್ವಾ."