ಮೌಸಿನ ಹೊಟ್ಟಿಗೆ ವಿಭೂತಿ

ನಾನು ಓದಿದ್ದು ಮೂರನೇ ಕ್ಲಾಸು, ಅದೂ ಬಾದನಹಟ್ಟಿಯ ಗುಡಿ ಕಟ್ಟಿ ಮ್ಯಾಲೆ ಕುಂತು. ಇಂಥಾಕಿ ಕಂಪ್ಯೂಟರಿನ ಮಾತು ಬರೀತಾಳಂತ ನಗಬ್ಯಾಡ್ರಿ. ಹೇಳಲಿಲ್ಲಂದ್ರ ನನ್ನ ಹೊಟ್ಟ್ಯಾಗ ಈ ಖುಷಿ ನಿಲ್ಲಂಗಿಲ್ಲ.

ನನ್ನ ಮೊಮ್ಮಗಳು ಬಳ್ಳಾರಿಯಾಗ ಕಂಪ್ಯೂಟರ್ ಕಲಿತಾಕಿ. ಸಿರುಗುಪ್ಪದ ಒಂದು ಹೆಣ್ಣುಮಕ್ಕಳ ಸಾಲಿಯವರು ಅದನ್ನ ಕಲಿಸಾಕ ಆಕಿನ್ನ ಕರೆದಿದ್ದರು. ಮೊದಲು ಒಂದು ಪಾಠ ಮಾಡಿ ತೋರಿಸಬೇಕು. ಹುಡುಗಿಯರಿಗೆ ತಿಳಿದರ ಕೆಲಸ ಆಕಿದು, ಇಲ್ಲಂದ್ರ ಬೇರೆಯವರದು.

"ಅಜ್ಜಿ, ಒಬ್ಬಾಕಿನ ಹೋಗಾಕ ಅಂಜಿಕಿ ಬರತೈತಿ, ನೀನೂ ಬಾ" ಅಂದಳು. ಬಿಡತೀನೇನು? ಕುರುಗೋಡಿನಾಗ ನಾ ಬಸ್ಸು ಹತ್ತಿದರ, ಬಳ್ಳಾರಿಯಿಂದ ಬಂದಾಕಿ ನನಗೊಂದು ಸೀಟು ಹಿಡಿದಿದ್ದಳು.

ಸಾಲಿ ಇನ್ನೂ ಕೂಡಿರಲಿಲ್ಲ. ಮೊಮ್ಮಗಳು ಕಂಪ್ಯೂಟರ್ ಹಚ್ಚಿಟ್ಟು ದೊಡ್ಡ ಮೇಡಂ ಅವರನ್ನ ಕರಿಯಾಕ ಹೋದಳು. ಹೊಸ ಕೆಲಸಕ್ಕ ಕೈ ಹಾಕೋ ಮುಂದ ನಮ್ಮ ಮನ್ಯಾಗ ಸಾಮಾನಿಗೆ ವಿಭೂತಿ ಹಚ್ಚತೀವಿ, ಕುಡುಗೋಲಿರಲಿ, ನೀರಿನ ಮೋಟರಿರಲಿ. ಚೀಲದಾಗಿನ ವಿಭೂತಿ ತೆಗೆದು, ಬೆರಳು ಒದ್ದಿ ಮಾಡಿಕೊಂಡು ಪರದೆಯ ಅಂಚಿಗೆ ಹಚ್ಚಿದೆ, ಕೀಬೋರ್ಡಿಗೆ ಹಚ್ಚಿದೆ. ಮೌಸಿನ ಬೆನ್ನಿಗೆ ಹಚ್ಚಿದರ ಕೈಗೆ ಒರಸಿ ಹೋಗತೈತಲ್ಲ, ಅದಕ್ಕ ಮಗಚಿ ಹೊಟ್ಟಿಗೆ ದಪ್ಪಗ ಬಳದೆ. ಹಿಂದಿನ ಬೆಂಚಿನಾಗ ಹೋಗಿ ಕುಂತೆ.

ಪಾಠ ಶುರುವಾತು. ಮೊಮ್ಮಗಳು ಮೌಸು ಎಳೆದರ ಪರದೆ ಮ್ಯಾಲಿನ ಬಾಣ ಅಲುಗಾಡವಲ್ದು. ಎಳದಳು, ಕುಟ್ಟಿದಳು. ದೊಡ್ಡ ಮೇಡಂ ಕನ್ನಡಕ ಏರಿಸಿಕೊಂಡರು.

"ಮಿಸ್, ಅದಕ್ಕ ನಿದ್ದಿ ಬಂದೈತ್ರಿ" ಅಂದಳೊಬ್ಬ ಹುಡುಗಿ. ಎಲ್ಲಾರೂ ಕಿಸಕ್ಕಂದರು. ಕೆಲಸ ಹೋತು ಅಂದುಕೊಂಡೆ ನಾನು.

ಮೊಮ್ಮಗಳು ಕೀಬೋರ್ಡಿನ ಒಂದೆರಡು ಗುಂಡಿ ಒತ್ತಿ ನೋಡಿದಳು. "ಆತು, ಇದನ್ನ ಇಂಟರ್ನೆಟ್ಟಿನಾಗ ಹುಡುಕೂಣು. ಕೀಬೋರ್ಡ್ ನಡೀತೈತಿ. ನಿದ್ದಿ ಅಂದಾಕಿ, ನೀನೇ ಬಾ."

ಹುಡುಗಿ ಬಂದು "ಮೌಸ್" ಅಂತ ಒತ್ತಿದಳು. ಪರದೆ ತುಂಬ ಮೌಸು ಮಾರೋ ಅಂಗಡಿಗಳು.

"ಡಾಕ್ಟರ ಹತ್ರ ಹೋಗಿ ಬರೀ ನಿನ್ನ ಹೆಸರು ಹೇಳಿ ಕುಂದರತಿ ಏನು? ಏನಾಗೈತಿ ಅಂತ ಹೇಳು" ಅಂದಳು ಮೊಮ್ಮಗಳು.

"ಕಂಪ್ಯೂಟರ್ ಮೌಸ್ ಎಳೆದರೆ ಬಾಣ ಅಲುಗಾಡುವುದಿಲ್ಲ" ಅಂತ ಹುಡುಗಿ ಒತ್ತಿದಳು. ಈಗ ಬಂದದ್ದು ಬೇರೆ.

"ಮ್ಯಾಲಿಂದು ಜಾಹೀರಾತು, ಬಿಡು. ಕೆಳಗಿನವು ಎರಡು ಓದು. ಎರಡೂ ಒಂದೇ ಮಾತು ಹೇಳತಾವೇನು ನೋಡು."

ಎರಡೂ ಹೇಳಿದ್ದು ಒಂದೇ: ಮೌಸಿನ ತಳದಾಗ ಬೆಳಕಿನ ಕಣ್ಣು ಇರತೈತಿ, ಹೊಲಸು ಮುಚ್ಚಿದ್ದರ ಒರಸಬೇಕು.

ಹುಡುಗಿ ಮೌಸು ಮಗಚಿದಳು. "ಮಿಸ್, ಇದು ಹೊಲಸಲ್ರಿ, ವಿಭೂತಿ!"

ಇಡೀ ಕ್ಲಾಸು ತಿರುಗಿ ನನ್ನ ಹಣಿ ನೋಡಿತು.

"ನಾನೇ ಹಚ್ಚೀನವ್ವಾ. ಹೊಟ್ಟ್ಯಾಗ ಕಣ್ಣಿರತೈತಂತ ಯಾರಿಗ್ಗೊತ್ತು?" ಅಂದೆ.

ದೊಡ್ಡ ಮೇಡಂ ಬಾಯಿಗೆ ಸೆರಗು ಹಿಡಿದು ನಕ್ಕರು. ಒರಸಿದ್ದೇ ತಡ, ಬಾಣ ಓಡಾಡಿತು. ಹುಡುಗಿಯರು ನಾ ಮುಂದು ತಾ ಮುಂದು ಅಂತ ಕಂಪ್ಯೂಟರಿಗೆ ಮುಕುರಿದರು. ಒಬ್ಬಾಕಿ ತಮ್ಮ ಆಕಳಿನ ಕೆಮ್ಮಿಗೆ ಔಷಧ ಹುಡುಕಬೇಕು ಅಂದಳು, ಇನ್ನೊಬ್ಬಾಕಿ ಹಾಸ್ಟೆಲಿನ ವಿಷಯ. ಗಂಟಿ ಹೊಡೆದರೂ ಏಳವಲ್ಲರು.

"ಸೋಮವಾರದಿಂದ ಬರ್ರಿ" ಅಂದರು ದೊಡ್ಡ ಮೇಡಂ ನನ್ನ ಮೊಮ್ಮಗಳಿಗೆ. ನನ್ನ ಕಡೆ ತಿರುಗಿ, "ಅಜ್ಜಿ, ಇನ್ನ ಮ್ಯಾಲೆ ಬೆನ್ನಿಗೇ ಹಚ್ಚರಿ" ಅಂದರು.

ಬರ್ತಾ ಬಸ್ಸಿನಾಗ ಕಂಡಕ್ಟರಿಗೆ ಹೇಳಿದೆ, ಪಕ್ಕದ ಸೀಟಿನಾಕಿಗೂ ಹೇಳಿದೆ. ಮೊಮ್ಮಗಳು "ಸಾಕು ಅಜ್ಜಿ" ಅಂತ ಸೆರಗು ಜಗ್ಗಿದಳು. ಜಗ್ಗಲಿ ಬಿಡ್ರಿ. ಕುರುಗೋಡು ಬರೋದ್ರಾಗ ಬಸ್ಸಿಗೆಲ್ಲಾ ಗೊತ್ತಾಗಿತ್ತು.