ಹಳ್ಳ ಅಂದ ಹೊಳೆ

ದೇವದುರ್ಗದ ಕಡೆ ಕೃಷ್ಣೆ ಒಂದೇ ಮೈಯಾಗಿ ಹರಿಯುವುದಿಲ್ಲ. ಬಂಡೆ ಸಿಕ್ಕಲ್ಲಿ ಸೀಳುತ್ತದೆ, ಸೀಳಿನ ನಡುವೆ ಮರಳು ಚೆಲ್ಲುತ್ತದೆ. ಮರಳಿನಲ್ಲಿ ಜೇಕು ಹುಟ್ಟುತ್ತದೆ, ಜೇಕಿನ ಬುಡಕ್ಕೆ ಮಣ್ಣು ಕೂಡುತ್ತದೆ, ಮಣ್ಣು ಕೂಡಿದಲ್ಲಿ ಜಾಲಿ ಏಳುತ್ತದೆ. ಜಾಲಿ ಎದ್ದರೆ ಆಡು ಬಂತು, ಆಡು ಬಂದರೆ ಅದರ ಹಿಂದೆ ಮನುಷ್ಯನೂ ಬಂದ. ಆಡಿನಗಡ್ಡಿ ಎಂಬ ನಡುಗಡ್ಡೆ ಹುಟ್ಟಿದ್ದು ಹೀಗೆ. ಉದ್ದ ಒಂದು ಮೈಲಿಗೂ ಕಡಿಮೆ, ಅಗಲ ಒಂದು ಕೂಗಳತೆ. ಏಳು ಮನೆ, ನಾನೂರು ಕುರಿ. ಒಂದು ಬದಿಗೆ ದೊಡ್ಡ ಹೊಳೆ. ಇನ್ನೊಂದು ಬದಿಗೆ ಅದರದೇ ಸಣ್ಣ ಸೀಳು, ಅದರಾಚೆ ದಂಡೆಯ ಊರು. ದೊಡ್ಡ ಹೊಳೆಯ ಹೊಡೆತವನ್ನೆಲ್ಲ ಗಡ್ಡಿ ತನ್ನ ಮೈಮೇಲೆ ತಗೊಂಡಿದ್ದರಿಂದಲೇ ಆ ಊರು ತಲೆಮಾರುಗಟ್ಟಲೆ ನೆಮ್ಮದಿಯಾಗಿ ನಿದ್ದೆ ಮಾಡಿತು. ಊರಿನವರು ಆ ಉಪಕಾರ ನೆನೆದರೇ ಅಂತ ಕೇಳಬೇಡಿ, ಬಾಯಿ ಕೆಡುತ್ತದೆ.

ಗಡ್ಡಿಗೆ ತಲೆಯಿತ್ತು, ಬಾಲವಿತ್ತು. ನೀರು ಎದುರಾಗುವ ತುದಿ ತಲೆ. ಅದು ಎತ್ತರ, ಆದರೆ ಪ್ರತಿ ಮಳೆಗಾಲಕ್ಕೆ ಹತ್ತಿಪ್ಪತ್ತು ಹೆಜ್ಜೆ ಕುಸಿಯುತ್ತಿತ್ತು. ಕುಸಿದ ಮರಳು ಹರಿದುಕೊಂಡು ಹೋಗಿ ಬಾಲದಲ್ಲಿ ತಗ್ಗಾಗಿ ಕೂಡುತ್ತಿತ್ತು. "ಗಡ್ಡಿ ನಡೀತದ" ಎನ್ನುತ್ತಿದ್ದರು ಅಲ್ಲಿಯವರು. ಮುದುಕಪ್ಪ ಹುಟ್ಟಿದ ಮನೆ ಗಡ್ಡಿಯ ನಟ್ಟನಡುವೆ ಇತ್ತು. ಅವನಿಗೆ ಮೀಸೆ ಬರುವ ಹೊತ್ತಿಗೆ ಅದು ತಲೆಗೆ ಬಂದಿತ್ತು, ಮಗಳು ಹುಟ್ಟುವ ಹೊತ್ತಿಗೆ ನೀರಿನಲ್ಲಿತ್ತು. ಮನುಷ್ಯ ಕೂತಲ್ಲೇ ಕೂತಿದ್ದ, ಕಾಲ ಕೆಳಗಿನ ನೆಲವೇ ಎದ್ದು ಹೋಗಿತ್ತು. ಅವನು ಗುಡಿಸಲಿನ ಗಳ ಕಿತ್ತು ಎರಡು ಸಲ ಹಿಂದಕ್ಕೆ ಹಾಕಿದ. ಗೊಣಗಲಿಲ್ಲ, ಕುರಿ ಕಾಯುವವನಿಗೆ ಜಾಗ ಬದಲಿಸುವುದು ಹೊಸದೇನಲ್ಲವಲ್ಲ.

ಇಂಥ ಮರಳಿನಲ್ಲಿ ಹೆಣ ನಿಲ್ಲುವುದಿಲ್ಲ. ಹಾಗಾಗಿ ಗಡ್ಡಿಯವರು ಸತ್ತವರನ್ನು ಹರಗೋಲಿನಲ್ಲಿ ಇಟ್ಟು, ಆಚೆ ದಂಡೆಗೆ ಒಯ್ದು, ಕರಿಮಣ್ಣಿನಲ್ಲಿ ಹುಗಿಯುತ್ತಿದ್ದರು. ಅದಕ್ಕೇ ಅವರ ಬಾಯಲ್ಲಿ "ಹೊಳಿ ದಾಟಿದ" ಅಂದರೆ ಸತ್ತ ಅಂತ ಅರ್ಥ. ಬದುಕಿದವರು ಸಂತೆಗೆ ಹೋಗಲಿ, ಮದುವೆಗೆ ಹೋಗಲಿ, "ಹಳ್ಳ ದಾಟಿ ಬಂದೆ" ಎನ್ನಬೇಕು. ಅದೇ ನೀರು, ಅದೇ ಹರಗೋಲು. ಮಾತು ಮಾತ್ರ ಬೇರೆ.

ಮಾನ್ವಿ ತಾಲೂಕಿನ ಮಲ್ಲಟದಿಂದ ಮದುವೆಯಾಗಿ ಬಂದ ಆದೆಮ್ಮನಿಗೆ ಈ ಕಟ್ಟಳೆ ಏನು ಗೊತ್ತು? ಬಾವಿ ನೀರಷ್ಟೇ ಕಂಡಿದ್ದ ಅವಳು ಬಂದ ದಿನವೇ ಹರಗೋಲಿನಿಂದ ಕೆಳಗಿಳಿದು, "ಹೊಳಿ ದಾಟೂತನಕ ಜೀವ ಕೈಯಾಗಿತ್ತು ನೋಡ್ರಿ" ಅಂದಳು. ಅತ್ತೆ ಬಾಯಿ ಮೇಲೆ ರಪ್ಪನೆ ಒಂದು ಕೊಟ್ಟಳು. ಹೊಸ ಗಂಡ ಮುದುಕಪ್ಪನಿಗೆ ನಗು ತಡೆಯಲಾಗಲಿಲ್ಲ.

ಅವತ್ತಿನಿಂದ ಆದೆಮ್ಮ ಹಳ್ಳ ಅಂತಲೇ ಅಂದಳು. ಆದರೆ ಗಂಡನ ಎದುರಿಗೆ ಮಾತ್ರ ಬಿಡುತ್ತಿರಲಿಲ್ಲ. "ಹೆಸರು ಬದ್ಲಿ ಮಾಡಿದ್ರ ನೀರು ಮುಳುಗ್ಸಂಗಿಲ್ಲೇನು?" ಅಂತ ಚುಚ್ಚುತ್ತಿದ್ದಳು.

"ಬಾಯಿ ಮುಚ್ಚಲೇ, ಹಿರೇರು ಹೇಳ್ಯಾರ" ಎನ್ನುತ್ತಿದ್ದ ಇವನು. ಹೀಗೆ ಜಗಳವಾಡುತ್ತಲೇ ಮೂವತ್ತು ವರ್ಷ ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ. ಒಬ್ಬಳೇ ಮಗಳು ಬಂಡೆಮ್ಮ ಬೆಳೆದು ತಾಯಿಯ ತವರಿಗೇ ಸೊಸೆಯಾಗಿ ಹೋದಳು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ರಾಯಚೂರಿನಿಂದ ಮೂರು ಮಂದಿ ಬಂದರು. ಕೈಯಲ್ಲಿ ನಕ್ಷೆ, ಅಳತೆಯ ಸರಪಳಿ. ನೆರೆ ಬಂದಾಗ ಯಾವ ಯಾವ ನಡುಗಡ್ಡೆಗೆ ದೋಣಿ ಕಳಿಸಬೇಕು ಅಂತ ಯಾದಿ ಮಾಡುತ್ತಿದ್ದರು. ಅವತ್ತು ಸಣ್ಣ ಸೀಳಿನಲ್ಲಿ ಮೊಣಕಾಲುದ್ದ ನೀರು, ಸಾಹೇಬರು ಪ್ಯಾಂಟು ಮಡಚಿಕೊಂಡು ನಡೆದೇ ಬಂದಿದ್ದರು. ಗಡ್ಡಿಯ ಹಿರಿಯನೆಂದು ಮುದುಕಪ್ಪನನ್ನು ಕೂರಿಸಿ ಕೇಳಿದರು.

"ನೀವು ಊರಿಗೆ ಹೋಗಬೇಕಾದ್ರ ಹೊಳಿ ದಾಟಬೇಕೇನಪ್ಪ?"

ಮುದುಕಪ್ಪ ಬೆಚ್ಚಿದ. ಮಟಮಟ ಮಧ್ಯಾಹ್ನ, ಮಕ್ಕಳು-ಮರಿ ಸುತ್ತ ನಿಂತಿರುವಾಗ ಇಂಥ ಅಪಶಕುನದ ಮಾತೇ? "ಬಿಡ್ತು ಅನ್ರಿ ಸಾಯೇಬ್ರ" ಅಂದ. "ಹೊಳಿ ಯಾಕ ದಾಟೂಣು? ನಮಗ ಹಳ್ಳ ಅದರಿ. ದಿನಾ ಹಳ್ಳ ದಾಟ್ತೀವಿ."

"ಬರೇ ಹಳ್ಳನಾ?"

"ಹಳ್ಳನ ರೀ."

ಗುಡಿಸಲಿನ ಬಾಗಿಲಲ್ಲಿ ನಿಂತಿದ್ದ ಆದೆಮ್ಮ ಸಣ್ಣ ದನಿಯಲ್ಲಿ, "ಮಳಿಗಾಲದಾಗ ಬಂದು ನೋಡ್ರಿ ಅನ್ನು" ಅಂದಳು. ಅವನು ಕಣ್ಣು ಕೆಕ್ಕರಿಸಿದ, ಅವಳು ಒಳಗೆ ಹೋದಳು. ಸಾಹೇಬರು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಏಳು ಮನೆಯವರೂ ಮುದುಕಪ್ಪ ನಾಲಿಗೆ ಕಾಯ್ದುಕೊಂಡ ಅಂತ ಹೊಗಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆ ಗಾದೆ ಅವತ್ತು ಯಾರಿಗೂ ನೆನಪಾಗಲಿಲ್ಲ.

ಮುಂದೆ ಕೆಲ ವರ್ಷಕ್ಕೆ ಹೊಳೆಯ ಮೇಲ್ಗಡೆ ಅಣೆಕಟ್ಟು ನಿಂತಿತು. ಮೊದಲಾದರೆ ನೀರು ಏರುವ ಮುಂಚೆ ಬಣ್ಣ ತಿರುಗುತ್ತಿತ್ತು, ಇರುವೆ ಸಾಲುಗಟ್ಟಿ ತಲೆಯ ಕಡೆ ಹತ್ತುತ್ತಿದ್ದವು, ಕುರಿಗಳನ್ನು ಆಚೆ ಹೊಡೆಯಲು ಎರಡು ದಿನ ಸಿಗುತ್ತಿತ್ತು. ಈಗ ಅಲ್ಲಿ ಗೇಟು ಎತ್ತಿದರೆ ಹೊತ್ತೇರುವುದರೊಳಗೆ ಹೊಳೆ ಬೇರೆಯದೇ ಆಗಿರುತ್ತಿತ್ತು. ಇರುವೆಗೂ ತಿಳಿಯದಷ್ಟು ಬೇಗ.

ಎಂಬತ್ಮೂರರ ಶ್ರಾವಣದಲ್ಲಿ ನೀರು ಬಂದದ್ದು ಹಾಗೆಯೇ. ಇದ್ದೊಂದು ಹರಗೋಲು ಗೂಟ ಸಮೇತ ಹೋಯಿತು. ಬಾಲ ಮುಳುಗಿತು. ಏಳು ಮನೆಯವರೂ ಕುರಿಯೊಂದಿಗೆ ತಲೆಯ ದಿಬ್ಬಕ್ಕೆ ಹತ್ತಿದರು. ಅವತ್ತೇ ಆದೆಮ್ಮನಿಗೆ ವಾಂತಿ-ಭೇದಿ ಹತ್ತಿತು.

ಎರಡನೇ ದಿನ ಮಧ್ಯಾಹ್ನ ಒಂದು ಮೋಟಾರು ದೋಣಿ ಕಂಡಿತು. ಮುದುಕಪ್ಪ ಧೋತರ ಬಿಚ್ಚಿ ಬೀಸಿದ. ಎದೆ ಬಿರಿಯುವ ಹಾಗೆ ಕೂಗಿದ. ದೋಣಿ ಕೆಳಗಿನ ಇನ್ನೊಂದು ಗಡ್ಡಿಯ ಕಡೆ ತಿರುಗಿತು. ಅದರಲ್ಲಿ ಕೂತಿದ್ದವನೊಬ್ಬ ಇವರು ತನ್ನನ್ನು ಮಾತಾಡಿಸುತ್ತಿದ್ದಾರೆ ಅಂದುಕೊಂಡನೋ ಏನೋ, ತಾನೂ ಕೈ ಬೀಸಿದ. ಮುದುಕಪ್ಪ ಬದುಕಿರುವತನಕ ಆ ಕೈಯನ್ನು ಮರೆಯಲಿಲ್ಲ.

ಮೂರನೇ ದಿನ ಆದೆಮ್ಮನ ಕಣ್ಣು ಗುಳಿ ಬಿದ್ದವು. ಗಂಡನ ಕೈ ಹಿಡಿದು ಅವಳು ಹೇಳಿದ್ದು ಒಂದೇ ಮಾತು. "ನನ್ನ ಈ ಮರಳಾಗ ಹಾಕಬ್ಯಾಡ. ಜಾರಿ ಹೋಗ್ತೀನಿ. ದಂಡಿಗಿ ಒಯ್ಯಿ."

"ಒಯ್ತೀನಿ" ಅಂದ ಮುದುಕಪ್ಪ. ಊಟದ ಹೊತ್ತಿಗೆ ಅವಳು ಹೋದಳು.

ಒಯ್ಯುವುದು ಹೇಗೆ? ಮರುದಿನವೂ ನೀರು ಇಳಿಯಲಿಲ್ಲ. ಹೆಣವನ್ನು ಇನ್ನೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ಪಕ್ಕದ ಮನೆಯ ಗಡಿಗೆಪ್ಪನೇ ಗುಂಡಿ ತೋಡಿದ. ಕರಿ ಕಂಬಳಿಯಲ್ಲಿ ಸುತ್ತಿ ಅವಳನ್ನು ತಲೆಯ ದಿಬ್ಬದಲ್ಲೇ ಮಲಗಿಸಿದರು. ನೀರು ಇಳಿದ ಮೇಲೆ ಮುದುಕಪ್ಪ ಆ ಗುಂಡಿಯಿಂದ ಕುಸಿಯುವ ಅಂಚಿನವರೆಗೆ ಹೆಜ್ಜೆ ಎಣಿಸಿ ನೋಡಿದ. ಐವತ್ತೆರಡು ಹೆಜ್ಜೆ.

ದಸರೆ ಕಳೆದ ಮೇಲೆ ಅವನು ದೇವದುರ್ಗದ ಕಚೇರಿಗೆ ಹೋದ. ದೋಣಿ ನಮ್ಮನ್ನು ಕಂಡೂ ಯಾಕೆ ಬರಲಿಲ್ಲ ಅಂತ ಕೇಳಬೇಕಿತ್ತು, ಸಿಟ್ಟು ನೆತ್ತಿಗೇರಿತ್ತು. ಅಲ್ಲಿ ಹಂಪಯ್ಯ ಅಂತ ಒಬ್ಬ ಗುಮಾಸ್ತ. ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿ, ಓದಿ, ನೌಕರಿಗೆ ಬಂದವನು. ನಿಂತವರನ್ನು ಕೂರಿಸಿ ಮಾತಾಡಿಸುವ ಗುಣ ಅವನಲ್ಲಿತ್ತು. ಹಳೆಯ ಕಡತ ಹುಡುಕಿ ತೆಗೆದು ಓದಿದ: ಆಡಿನಗಡ್ಡಿಗೂ ದಂಡೆಗೂ ನಡುವೆ ಕೇವಲ ಹಳ್ಳವಿದ್ದು, ಗ್ರಾಮಸ್ಥರು ದಿನವೂ ದಾಟುವುದರಿಂದ ದೋಣಿಯ ಅಗತ್ಯವಿಲ್ಲ. ಕೆಳಗೆ ಮಸಿಯ ಹೆಬ್ಬೆಟ್ಟು.

"ಯಾರೋ ತಪ್ಪು ಹೇಳ್ಯಾರ ನೋಡು ಯಜಮಾನ" ಅಂದ ಹಂಪಯ್ಯ.

ಮುದುಕಪ್ಪ ಕಾಗದವನ್ನೇ ನೋಡಿದ. ಓದಲು ಬಾರದಿದ್ದರೂ ತನ್ನ ಬೆರಳಿನ ಗಾಯದ ಗೆರೆ ಗುರುತು ಹತ್ತಿತು. "ಹೆಬ್ಬೆಟ್ಟು ನಂದರೀ" ಅಂದ. ಆಮೇಲೆ ಕಚೇರಿಯ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರ ನಡುವೆ, ಹೆಂಗಸರ ಹಾಗೆ ಬಿಕ್ಕಿಬಿಕ್ಕಿ ಅತ್ತ. ಹೆಂಡತಿಯನ್ನು ತಾನೇ ಕೊಂದೆ ಅಂತ ಅವನಿಗೆ ಅನ್ನಿಸಿತು. ಹಾಗೇನಿಲ್ಲ ಅಂತ ಯಾರು ಎಷ್ಟು ಹೇಳಿದರೂ ಅದು ಅವನ ಎದೆಯಿಂದ ಇಳಿಯಲಿಲ್ಲ.

ಹಂಪಯ್ಯ ಹೊರಗೆ ಬಂದು ಪಕ್ಕದಲ್ಲಿ ಕೂತ. "ಹೊಸ ಅರ್ಜಿ ಬರಿಯೂಣು. ನೀ ಹೇಳು, ನಡುವ ಏನದ?"

ಮುದುಕಪ್ಪ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ. "ಹೊಳಿ" ಅಂದ. "ಹೊಳಿ ಅದರೀ. ಹೊಳಿ ಅಂತನ ಬರೀರಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಅವನಿಗೆ ಈಗ ಒಂದು ಕೆಲಸ ಸಿಕ್ಕಿತು. ದೋಣಿ ಬಂದರೆ ಆದೆಮ್ಮನನ್ನು ಎತ್ತಿ ದಂಡೆಗೆ ಒಯ್ಯಬೇಕು. ಅಣೆಕಟ್ಟು ಆದ ಮೇಲೆ ಸಣ್ಣ ಸೀಳು ಬೇಸಿಗೆಯಲ್ಲೂ ನಡೆದು ದಾಟುವಂತಿರಲಿಲ್ಲ, ದಂಡೆಯ ಊರಿನವರು ಹೆಣ ಹಾಕಲು ತಮ್ಮ ಹರಗೋಲು ಕೊಡುತ್ತಿರಲಿಲ್ಲ. ಕೊಟ್ಟ ಮಾತು ಅದೊಂದೇ ಉಳಿದಿತ್ತು. ಎರಡು ವರ್ಷ ಕಚೇರಿಗೆ ಅಲೆದ. ಗಡ್ಡಿ ತನ್ನ ಪಾಡಿಗೆ ನಡೆಯುತ್ತಿತ್ತು. ಒಂದು ಮಳೆಗಾಲ ಕಳೆದಾಗ ಮೂವತ್ತನಾಲ್ಕು ಹೆಜ್ಜೆ ಉಳಿಯಿತು.

ಎಂಬತ್ತೈದರಲ್ಲಿ ಹುಕುಂ ಬಂತು. ಏಳು ಮನೆಗೂ ದಂಡೆಯ ಮೇಲೆ ಜಾಗ, ಸಾಮಾನು ಸಾಗಿಸಲು ದೋಣಿ. ಬೇಸಿಗೆಯಲ್ಲಿ ಬರಬೇಕಿದ್ದ ದೋಣಿ ಬಂದದ್ದು ಆಷಾಢದಲ್ಲಿ. ಅಷ್ಟೊತ್ತಿಗೆ ನೀರು ಏರಿ ತಲೆಯ ದಂಡೆ ಎಂದಿಗಿಂತ ಜೋರಾಗಿ ಕುಸಿಯಲು ಹತ್ತಿತ್ತು. ಉಳಿದದ್ದು ಇಪ್ಪತ್ತು ಹೆಜ್ಜೆ. ಜನ ಬೀಸುಕಲ್ಲು, ಬಾಗಿಲು, ಕೋಳಿಬುಟ್ಟಿ ಹೊತ್ತು ದೋಣಿಗೆ ಹಾಕುತ್ತಿದ್ದರೆ ಮುದುಕಪ್ಪ ಸಲಿಕೆ ಹಿಡಿದು ದಿಬ್ಬಕ್ಕೆ ಹೋದ.

"ಮುಚ್ಚಿದ ಮಣ್ಣು ತೆಗೀಬಾರ್ದೋ ಮುದುಕ. ಹಿರೇರು ಹೇಳ್ಯಾರ" ಅಂದ ಗಡಿಗೆಪ್ಪ.

"ಹಿರೇರ ಮಾತು ಒಮ್ಮೆ ಕೇಳೀನಿ. ಸಾಕು."

ಗಡಿಗೆಪ್ಪ ತಾನೂ ಧೋತರ ಕಟ್ಟಿ ಇಳಿದ. ಸೊಂಟದುದ್ದ ತೋಡುವಷ್ಟರಲ್ಲಿ ಕೆಳಗಿನಿಂದ ನೀರು ಒಸರಿತು. ಹೊಳೆ ಏರಿದ್ದರಿಂದ ಗಡ್ಡಿಯ ಹೊಟ್ಟೆಯ ತುಂಬ ನೀರೇ. ಒಂದು ಸಲಿಕೆ ತೆಗೆದರೆ ಎರಡು ಸಲಿಕೆ ಮರಳು ಜಾರಿ ಬೀಳುತ್ತಿತ್ತು. ಹಲಗೆ ಇಟ್ಟರು, ಜಾಲಿ ಟೊಂಗೆ ಚುಚ್ಚಿದರು, ಗೋಡೆ ನಿಲ್ಲಲಿಲ್ಲ. ಮೂರು ಬದಿಯಿಂದ ತೋಡಿ ನೋಡಿದರು. ಹೊತ್ತು ಇಳಿಯುವತನಕ ಇಬ್ಬರು ಮುದುಕರು ಆ ಕೆಸರಿನಲ್ಲಿ ಒದ್ದಾಡಿದರು. ಕೊನೆಗೆ ಗಡಿಗೆಪ್ಪ ಸಲಿಕೆ ಕೆಳಗಿಟ್ಟು, "ಆಗಂಗಿಲ್ಲೋ ತಮ್ಮಾ" ಅಂದ.

ಹಂಪಯ್ಯ ಯಾದಿ ಹಿಡಿದು ದೋಣಿಯ ಹತ್ತಿರ ನಿಂತಿದ್ದ. "ಇನ್ನ ಎಷ್ಟು ಮಂದಿ ಉಳದ್ರು ಯಜಮಾನ?"

"ಇಬ್ಬರು ಅಂತ ಬರೀರಿ" ಅಂದ ಮುದುಕಪ್ಪ. ಹಂಪಯ್ಯ ಏನನ್ನೂ ಬರೆಯಲಿಲ್ಲ.

ಮುದುಕಪ್ಪ ದೋಣಿ ಹತ್ತಲಿಲ್ಲ. ಮಗಳು ಬಂಡೆಮ್ಮ ಮಲ್ಲಟದಿಂದ ಬಂದು ಅತ್ತು ಕರೆದಳು, ಬೈದಳು, ಕಾಲು ಹಿಡಿದಳು. "ಒಬ್ಬಾಕಿನ್ನ ಬಿಟ್ಟು ಹ್ಯಾಂಗ ಬರಲವ್ವ" ಅಂದ. ದೋಣಿ ನಡೆಸುವ ಪಕೀರಪ್ಪ ಎರಡು ದಿನಕ್ಕೊಮ್ಮೆ ರೊಟ್ಟಿ ತಂದುಕೊಡುತ್ತಿದ್ದ. ಬಂಡೆಮ್ಮ ಹಠ ಹಿಡಿದು ದಂಡೆಯ ಹೊಸ ಗುಡಿಸಲಿನಲ್ಲೇ ಕಾದು ಕೂತಳು. ಹದಿನೈದು ಹೆಜ್ಜೆ, ಎಂಟು, ಮೂರು.

ಭಾದ್ರಪದದ ಒಂದು ಬೆಳಿಗ್ಗೆ, ಬಿಸಿಲು ಚೆನ್ನಾಗಿ ಬಿದ್ದಿತ್ತು. ಕುಸಿದ ದಂಡೆಯ ಬಿಳಿ ಮರಳಿನಲ್ಲಿ ಕರಿ ಕಂಬಳಿಯ ಅಂಚು ಕಾಣಿಸಿತು. ಮುದುಕಪ್ಪ ಬೋರಲು ಮಲಗಿ ಕೈ ಚಾಚಿದ. ಬೆರಳಿಗೆ ಉಣ್ಣೆ ಸಿಕ್ಕಿತು. ಅವನು ಹಿಡಿದ, ನಿಜವಾಗಿ ಹಿಡಿದ. ಎರಡು ವರ್ಷ ನೀರುಂಡ ಉಣ್ಣೆ ಕೈಯಲ್ಲೇ ಹರಿಯಿತು. ದಂಡೆ ಸದ್ದಿಲ್ಲದೆ ಕೆಳಗಿಳಿಯಿತು, ಅದರೊಂದಿಗೆ ಅವಳೂ ಇಳಿದಳು. ಕಂಬಳಿ ಒಮ್ಮೆ ನೀರಿನ ಮೇಲೆ ಬಿಚ್ಚಿಕೊಂಡು, ದೊಡ್ಡ ಹೊಳೆಯ ಸೆಳವಿಗೆ ಸಿಕ್ಕಿ ಹೋಯಿತು.

ಮಧ್ಯಾಹ್ನ ಪಕೀರಪ್ಪ ರೊಟ್ಟಿ ತಂದಾಗ ಅವನು ತಾನಾಗಿಯೇ ದೋಣಿ ಹತ್ತಿ ಕೂತ. ದಂಡೆಯಲ್ಲಿ ಬಂಡೆಮ್ಮ ಅಪ್ಪನ ಮುಖ ನೋಡಿದಳು. ನೀರು ಕಾಯಿಸಿ, ಮಣ್ಣು ಮಾಡಿ ಬಂದವರಿಗೆ ಎರೆಯುವಂತೆ ತಲೆಯ ಮೇಲೆ ಎರೆದಳು. ಅವನ ಬಲಗೈ ಮುಷ್ಟಿ ಬಿಗಿಯಾಗಿತ್ತು, ಬೆರಳ ಸಂದಿಯಲ್ಲಿ ಕರಿ ಉಣ್ಣೆಯ ಎಳೆ. ಬಿಡಿಸಲು ನೋಡಿದಳು. ಅವನು ಬಿಡಲಿಲ್ಲ.

"ನಿಮ್ಮವ್ವನ್ನ ತರಾಕ ಆಗಲಿಲ್ಲವ್ವ" ಅಂದ. "ಇಷ್ಟ ಬಂದಳು."